ಹಾಸ್ಟೆಲ್ ಮೆಸ್ಸಿನಲ್ಲಿ ಹಾಲು ಬಿಟ್ಟವರ ಊಟ

(ಧಾರವಾಡದ ಒಂದು ಹಾಸ್ಟೆಲಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಮೆಸ್ ಸೆಕ್ರೆಟರಿ ಫೋನ್ ಮಾಡಿದಾಗ ಹೇಳಿದ ಮಾತು ಇದು: "ಮೇಡಂ, ನಮ್ಮಲ್ಲಿ ನಾಲ್ಕೈದು ಮಂದಿ ವೀಗನ್ ಆಗ್ಯಾರ್ರಿ. ಬರೇ ಅನ್ನ-ಸಾರು ಉಂಡು ಸೊರಗಾಕತ್ತಾರ. ಒಂದ್ಸಲ ಬಂದು ಮಾತಾಡ್ರಿ." ಅದಕ್ಕೇ ಬಂದಿದ್ದೇನೆ. ನಾನು ಆಹಾರ ಮತ್ತು ಪೋಷಣೆಯ ಪಾಠ ಮಾಡುವವಳು. ಕೆಲವು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಕೂಡ ಆಗಿದ್ದೆ. ಹಾಗಾಗಿ ಪುಸ್ತಕದ ಲೆಕ್ಕವೂ ಗೊತ್ತು, ಮೆಸ್ಸಿನ ಲೆಕ್ಕವೂ ಗೊತ್ತು. ಇವೆರಡೂ ಸೇರಿದರೆ ಮಾತ್ರ ಈ ವಿಷಯದಲ್ಲಿ ಏನಾದರೂ ಉಪಯೋಗದ ಮಾತು ಹೇಳಬಹುದು.

ವೀಗನ್ ಅಂದರೆ ಯಾರು ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪನೀರ್, ಜೇನುತುಪ್ಪವನ್ನೂ ಬಿಟ್ಟವರು. ಇಂಗ್ಲೆಂಡಿನಲ್ಲಿ 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಈ ಹೆಸರಿಟ್ಟು ಒಂದು ಸಂಘ ಕಟ್ಟಿದರು. ಕಾರಣಗಳು ಬೇರೆ ಬೇರೆ ಇರುತ್ತವೆ. ಕೆಲವರಿಗೆ ಪ್ರಾಣಿಗಳ ಮೇಲಿನ ಕರುಣೆ, ಕೆಲವರಿಗೆ ಪರಿಸರ, ಕೆಲವರಿಗೆ ಹಾಲು ಹೊಟ್ಟೆಗೆ ಒಗ್ಗುವುದಿಲ್ಲ. ಯಾಕೆ ಬಿಟ್ಟಿರಿ ಅಂತ ನಾನು ಕೇಳುವುದಿಲ್ಲ. ಬಿಟ್ಟ ಮೇಲೆ ಚೆನ್ನಾಗಿ ಉಣ್ಣುತ್ತಿದ್ದೀರಾ ಅನ್ನೋದೇ ನನ್ನ ಚಿಂತೆ.

ಫೋನಿನಲ್ಲಿ ವೀಗನ್ ಊಟ ಅಂತ ಹುಡುಕಿದರೆ ಏನು ಬರುತ್ತೆ? ಬಾದಾಮಿ ಹಾಲು, ಓಟ್ಸ್ ಹಾಲು, ತೋಫು, ಕಿನೋವಾ, ಪ್ರೊಟೀನ್ ಪುಡಿಯ ಡಬ್ಬಿ. ಇದನ್ನು ನೋಡಿದ ಹುಡುಗ ಅಥವಾ ಹುಡುಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಇದು ದುಡ್ಡಿದ್ದವರ ಊಟ ಅಂತ ಕೈಬಿಡುತ್ತಾರೆ. ಇಲ್ಲವೇ ಮೆಸ್ಸಿನಲ್ಲಿ ಅನ್ನ-ಸಾರು ಅಷ್ಟೇ ತಿಂದು, ಉಳಿದ ಹಸಿವಿಗೆ ಚಿಪ್ಸ್ ತಿನ್ನುತ್ತಾರೆ. ಎರಡೂ ಬೇಡ. ನಾನು ಇವತ್ತು ಹೇಳಬೇಕಾದ್ದು ಇಷ್ಟೇ: ನಿಮ್ಮ ಊಟದ ದಾರಿ ಸೂಪರ್ ಮಾರ್ಕೆಟ್ಟಿನಲ್ಲಿಲ್ಲ, ನಿಮ್ಮ ಮೆಸ್ಸಿನ ಅಡುಗೆಮನೆಯಲ್ಲಿದೆ. ಆ ಅಡುಗೆಮನೆಯ ಬಾಗಿಲಿಗೆ ಹೋಗಿ ಮಾತಾಡುವುದನ್ನು ನೀವು ಕಲಿಯಬೇಕು.

ಮೊದಲು ತಟ್ಟೆಯನ್ನೇ ನೋಡೋಣ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ಸುಸಲಾ, ಇಡ್ಲಿ, ಚಿತ್ರಾನ್ನ. ಇವುಗಳಲ್ಲಿ ಹಾಲಿನ ಅಂಶ ಎಲ್ಲಿದೆ? ಸಾಮಾನ್ಯವಾಗಿ ಇಲ್ಲ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಮಡಕೆ ಕಾಳು, ಪುಂಡಿ ಪಲ್ಯ, ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಚಟ್ನಿ, ಹಸಿ ಈರುಳ್ಳಿ, ಮೆಂತ್ಯ ಸೊಪ್ಪು. ಇಲ್ಲಿಯೂ ಇಲ್ಲ. ಇದು ಯಾರೋ ವೀಗನ್ನರಿಗೆಂದು ಕಂಡುಹಿಡಿದ ಊಟವಲ್ಲ. ಜೋಳ, ಕಾಳು, ಎಣ್ಣೆಬೀಜ ಬೆಳೆಯುವ ಬಯಲುಸೀಮೆಯ ಜನ ಹೊಲದಲ್ಲಿ ದುಡಿಯಲು ಉಂಡ ಊಟ. ಹಳೇ ಮೈಸೂರು ಕಡೆಯ ಮಕ್ಕಳೂ ಇಲ್ಲಿ ಇದ್ದೀರಿ. ನಿಮ್ಮ ಮುದ್ದೆ, ಬಸ್ಸಾರು, ಉಪ್ಪುಸಾರು, ಮಸೊಪ್ಪು, ಹುರುಳಿಕಾಳು ಕೂಡ ಹಾಗೇ. ಕರಾವಳಿಯವರ ನೀರುದೋಸೆ, ಕಾಯಿಹಾಲು ಹಾಕಿದ ಒತ್ತುಶಾವಿಗೆ ಕೂಡ ಹಾಗೇ.

ಹಾಗಾದರೆ ತೊಂದರೆ ಎಲ್ಲಿ ಶುರುವಾಗುತ್ತೆ? ಅಡುಗೆಯ ಕೊನೆಯ ಎರಡು ನಿಮಿಷದಲ್ಲಿ. ಉಪ್ಪಿಟ್ಟು ಇಳಿಸುವ ಮುಂಚೆ ಒಂದು ಚಮಚ ತುಪ್ಪ. ಚಪಾತಿ ಬೆಂದ ಮೇಲೆ ಸವರುವ ತುಪ್ಪ. ದೋಸೆ ಮೇಲೆ ಬೆಣ್ಣೆ. ಬಿಸಿಬೇಳೆಬಾತಿಗೆ, ಪಲಾವಿಗೆ, ಪೊಂಗಲ್ಲಿಗೆ ತುಪ್ಪ. ಇದನ್ನೆಲ್ಲ ಮೊದಲೇ ಹೇಳಿದರೆ ತಪ್ಪಿಸಬಹುದು. ಹಿಟ್ಟಿನಲ್ಲೇ ಸೇರಿಹೋದದ್ದನ್ನು ತಪ್ಪಿಸಲು ಆಗುವುದಿಲ್ಲ. ರವೆ ಇಡ್ಲಿಗೆ ಮೊಸರು ಬೀಳುತ್ತದೆ. ರವೆ ದೋಸೆಗೆ ಎಷ್ಟೋ ಕಡೆ ಮಜ್ಜಿಗೆ ಹಾಕುತ್ತಾರೆ. ನಾನ್ ಹಿಟ್ಟಿಗೆ ಮೊಸರು ಕಲಸುವುದು ಮಾಮೂಲು. ಭಾನುವಾರದ ಸ್ಪೆಷಲ್ ಅಂತ ಬರುವ ಪನೀರ್ ಗ್ರೇವಿಯಲ್ಲಿ ಪನೀರ್ ತೆಗೆದಿಟ್ಟು ತಿಂದರೂ ಆ ಗ್ರೇವಿಯಲ್ಲಿ ಕ್ರೀಮ್ ಇರುತ್ತದೆ. ಇನ್ನು ಅಂಗಡಿಯ ಬಿಸ್ಕೆಟ್ಟು, ಬ್ರೆಡ್ಡು. ಬಹಳಷ್ಟು ಬಿಸ್ಕೆಟ್ಟುಗಳಲ್ಲಿ ಹಾಲಿನ ಪುಡಿ ಇರುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪೊಟ್ಟಣದ ಮೇಲಿನ ಹಸಿರು ಚುಕ್ಕಿ ಸಸ್ಯಾಹಾರದ ಗುರುತು ಮಾತ್ರ. ಹಾಲು ಇದ್ದರೂ ಆ ಚುಕ್ಕಿ ಇರುತ್ತದೆ. ವೀಗನ್ ಆಹಾರಕ್ಕೆ ನಮ್ಮ ದೇಶದಲ್ಲಿ 2022ರಲ್ಲಿ ಬೇರೆ ನಿಯಮವೇ ಬಂತು, ಹಸಿರು ಬಣ್ಣದ 'ವಿ' ಅಕ್ಷರದ ಬೇರೆ ಗುರುತೂ ಬಂತು. ಆದರೆ ಬೀದಿ ಅಂಗಡಿಯ ಶೇಂಗಾ ಚಿಕ್ಕಿಯ ಮೇಲೆ ಆ ಗುರುತು ಹುಡುಕಬೇಡಿ, ಅದು ಇರುವುದಿಲ್ಲ. ಪೊಟ್ಟಣ ತಿರುಗಿಸಿ, ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯ ಸಾಲು ಓದಿ. ಹಾಲು ಬಳಸಿದ್ದರೆ ಅದನ್ನು ಅಲ್ಲಿ ಬರೆಯಲೇಬೇಕು ಅಂತ ನಿಯಮ ಇದೆ. ಓದಲು ಹತ್ತು ಸೆಕೆಂಡ್ ಸಾಕು.

ಈಗ ಅಡುಗೆಮನೆಗೆ ಬರೋಣ. ನೂರಿನ್ನೂರು ಜನಕ್ಕೆ ಅಡುಗೆ ಮಾಡುವವರು ಬೆಳಗಿನ ಜಾವ ಎದ್ದು ಒಲೆ ಹಚ್ಚಿರುತ್ತಾರೆ. ಬಡಿಸುವ ಹೊತ್ತಿನಲ್ಲಿ ಸಾಲಿನಲ್ಲಿ ನಿಂತು, "ಇದರಲ್ಲಿ ತುಪ್ಪ ಹಾಕಿದ್ದೀರಾ? ಅಯ್ಯೋ, ನನಗೆ ಬೇಡ" ಅಂದರೆ ಅವರ ಮನಸ್ಸಿಗೆ ಹೇಗಾಗುತ್ತದೆ ಯೋಚಿಸಿ. ಅವರ ದೃಷ್ಟಿಯಲ್ಲಿ ತುಪ್ಪ ಅಂದರೆ ನಿಮ್ಮ ಮೇಲಿನ ಪ್ರೀತಿ. ಹಿಂದಿನ ರಾತ್ರಿ, ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಹೋಗಿ. "ಕಾಕಾ, ನಾಳೆ ಉಪ್ಪಿಟ್ಟಿಗೆ ತುಪ್ಪ ಹಾಕೂಕಿಂತ ಮೊದ್ಲ ನಮ್ಮ ನಾಲ್ಕು ಮಂದಿಗೆ ಒಂದಿಷ್ಟು ತಗದಿಡ್ರಿ" ಅಂತ ಕೇಳಿ. ಅವರಿಗೆ ಇದರಿಂದ ಹೆಚ್ಚಿನ ಕೆಲಸವಿಲ್ಲ. ಒಂದು ಡಬ್ಬಿಗೆ ಮೊದಲೇ ತೆಗೆದಿಟ್ಟರೆ ಆಯಿತು. ಕಾರಣವನ್ನೂ ಸರಳವಾಗಿ ಹೇಳಿ, "ನಾವು ಹಾಲಿಂದು ಏನೂ ಉಣ್ಣೂದಿಲ್ರಿ" ಅಂದರೆ ಸಾಕು. ಭಾಷಣ ಬೇಡ. ನಾನು ವಾರ್ಡನ್ ಆಗಿದ್ದಾಗ ಕಂಡಂತೆ, ಹೀಗೆ ಕೇಳಿದವರನ್ನು ಅಡುಗೆಯವರು ತಾವೇ ನೆನಪಿಟ್ಟುಕೊಳ್ಳುತ್ತಿದ್ದರು. "ಇವತ್ತು ಸಾರಿಗೆ ಮಜ್ಜಿಗೆ ಹಾಕೀನವ್ವಾ, ನೀ ಪಲ್ಯ ಜಾಸ್ತಿ ಹಾಕ್ಕೋ" ಅಂತ ತಾವೇ ಎಚ್ಚರಿಸುತ್ತಿದ್ದರು.

ಎರಡನೆಯದು ದುಡ್ಡಿನ ಮಾತು. ಇದನ್ನು ಯಾರೂ ಆಡುವುದಿಲ್ಲ, ಆದರೆ ಆಡಲೇಬೇಕು. ನಿಮ್ಮದು ಡಿವೈಡಿಂಗ್ ಮೆಸ್. ತಿಂಗಳ ಒಟ್ಟು ಖರ್ಚನ್ನು ಊಟ ಮಾಡಿದ ದಿನಗಳ ಲೆಕ್ಕದಲ್ಲಿ ಎಲ್ಲರಿಗೂ ಹಂಚುತ್ತಾರೆ. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರು, ವಾರಕ್ಕೊಮ್ಮೆ ಪನೀರ್, ಈ ಎಲ್ಲದರ ಖರ್ಚಿನಲ್ಲಿ ನಿಮ್ಮ ಪಾಲೂ ಇದೆ. ನೀವು ಅದನ್ನು ತಿನ್ನುವುದಿಲ್ಲ, ದುಡ್ಡು ಮಾತ್ರ ಕೊಡುತ್ತೀರಿ. ದುಡ್ಡು ಕಡಿಮೆ ಮಾಡಿ ಅಂತ ಕೇಳಿದರೆ ಮೆಸ್ ಕಮಿಟಿಗೆ ಲೆಕ್ಕ ಕಷ್ಟ. ಅದರ ಬದಲು ಪದಾರ್ಥ ಕೇಳಿ. ಹಾಲಿನ ಬದಲಿಗೆ ಹುರಿದ ಶೇಂಗಾ. ಮೊಸರಿನ ಬದಲಿಗೆ ಒಂದು ಸೌಟು ಹೆಚ್ಚು ಕಾಳು. ಪನೀರ್ ದಿನ ಅದೇ ಮಸಾಲೆಯಲ್ಲಿ, ಕ್ರೀಮ್ ಹಾಕದೆ, ಸೋಯಾ ಚಂಕ್ಸ್. ಇವೆಲ್ಲ ಹಾಲು-ಪನೀರಿಗಿಂತ ದುಬಾರಿಯಲ್ಲ. ಕಮಿಟಿ ಮೀಟಿಂಗಿನಲ್ಲಿ ಇದನ್ನು ಬರೆದು ಕೊಡಿ. ಇದು ನಿಮ್ಮ ಹಕ್ಕು, ಯಾರೂ ನಿಮಗೆ ಮಾಡುವ ಉಪಕಾರ ಅಲ್ಲ.

ಶೇಂಗಾ, ಕಾಳು ಅಂತ ಸುಮ್ನೆ ಹೇಳುತ್ತಿಲ್ಲ. ಲೆಕ್ಕ ನೋಡಿ. ಒಂದು ಲೋಟ ಹಾಲು ಅಂದರೆ 200 ಮಿಲಿ, ಅದರಲ್ಲಿ ಸುಮಾರು 6 ಗ್ರಾಂ ಪ್ರೊಟೀನ್. ಒಂದು ಬಟ್ಟಲು ಮೊಸರಿನಲ್ಲಿ ಸುಮಾರು 3 ಗ್ರಾಂ. ಎರಡೂ ಬಿಟ್ಟರೆ ದಿನಕ್ಕೆ 9 ಗ್ರಾಂ ಕಳೆದುಕೊಂಡಿರಿ. 40 ಗ್ರಾಂ ಶೇಂಗಾ, ಅಂದರೆ ಒಂದು ದೊಡ್ಡ ಹಿಡಿ, ಅಷ್ಟನ್ನು ತುಂಬಿಕೊಡುತ್ತದೆ. 25 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 13 ಗ್ರಾಂ ಇದೆ. ನಮ್ಮ ದೇಶದ ಪೋಷಣಾ ಸಂಸ್ಥೆ ಹೇಳುವ ಪ್ರಕಾರ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನ್ ಬೇಕು. 55 ಕಿಲೋ ತೂಕದವರಿಗೆ ಸುಮಾರು 46 ಗ್ರಾಂ. ಎರಡು ಹೊತ್ತು ರೊಟ್ಟಿ ಅಥವಾ ಅನ್ನ, ಎರಡು ಹೊತ್ತೂ ಕಾಳು ಅಥವಾ ಗಟ್ಟಿ ಬೇಳೆ, ಒಂದು ಹಿಡಿ ಶೇಂಗಾ ಇದ್ದರೆ ಇದು ದಾಟುತ್ತದೆ. ಆದರೆ ಗಟ್ಟಿ ಬೇಳೆ ಅಂದೆ, ನೆನಪಿಡಿ. ಮೆಸ್ಸಿನ ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಸೊರಗುತ್ತಿರುವ ಆ ನಾಲ್ಕೈದು ಜನರ ಸಮಸ್ಯೆ ಇರುವುದು ಇಲ್ಲೇ. ಅವರು ಮೊಸರು ಬಿಟ್ಟರು, ಆದರೆ ಕಾಳು ಹೆಚ್ಚು ಮಾಡಿಕೊಳ್ಳಲಿಲ್ಲ.

ಕ್ಯಾಲ್ಸಿಯಂ ವಿಷಯಕ್ಕೆ ರಾಗಿಯನ್ನು ಮರೆಯಬೇಡಿ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇಷ್ಟು ಇರುವುದು ಅಪರೂಪ. ಅದರಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಬರಿಸಿದರೆ ಚೂರು ಹೆಚ್ಚು ಹತ್ತುತ್ತದೆ. ಎಳ್ಳು, ದಂಟು, ನುಗ್ಗೆ ಸೊಪ್ಪು ಜೊತೆಗಿರಲಿ. ಇನ್ನು ಕಬ್ಬಿಣ. ಹೆಣ್ಣುಮಕ್ಕಳು ಇದನ್ನು ಗಮನವಿಟ್ಟು ಕೇಳಿ. ಊಟ ಆದ ಕೂಡಲೇ ಚಹಾ ಕುಡಿಯುವ ಅಭ್ಯಾಸ ನಮ್ಮ ಕ್ಯಾಂಪಸ್ಸುಗಳಲ್ಲಿ ಬಹಳ. ಹಾಲಿಲ್ಲದ ಕಪ್ಪು ಚಹಾ ಆದರೂ ಅದು ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಒಂದು ಗಂಟೆಯಾದರೂ ತಡೆಯಿರಿ. ಕಾಳಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ, ಅದು ಕಬ್ಬಿಣ ಹತ್ತಲು ನೆರವಾಗುತ್ತದೆ. ಉತ್ತರ ಕರ್ನಾಟಕದ ಅಗಸಿ ಹಿಂಡಿಯ ಬಗ್ಗೆಯೂ ಒಂದು ಮಾತು. ಮೀನು ತಿನ್ನದವರಿಗೆ ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಎಲ್ಲಿಂದ ಅಂತ ಕೇಳುತ್ತಾರಲ್ವಾ? ಸಸ್ಯಗಳಲ್ಲಿ ಸಿಗುವ ಒಮೆಗಾ-3ಕ್ಕೆ ಅಗಸೆಗಿಂತ ಒಳ್ಳೆಯ ಮೂಲ ಸಿಗುವುದು ಕಷ್ಟ. ಅದನ್ನು ಅವ್ವ ಡಬ್ಬಿ ತುಂಬಿ ಕಳಿಸಿರುತ್ತಾಳೆ, ನೀವು ಅದನ್ನು ಟ್ರಂಕಿನಲ್ಲೇ ಬಿಟ್ಟಿರುತ್ತೀರಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಬಿ12 ಅನ್ನುವ ಜೀವಸತ್ವ. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಗಾಂಧೀಜಿಯವರ ಬದುಕಿನ ಒಂದು ಸಂಗತಿ ಹೇಳುತ್ತೇನೆ. 1888ರಲ್ಲಿ ಅವರು ಕಾನೂನು ಓದಲು ಲಂಡನ್ನಿಗೆ ಹೋದರು. ನಿಮ್ಮದೇ ವಯಸ್ಸು. ಮಾಂಸ ಮುಟ್ಟುವುದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಒಂದು ಸಸ್ಯಾಹಾರಿ ಹೋಟೆಲು ಸಿಗುವವರೆಗೂ ಆ ಊರಲ್ಲಿ ಅರೆಹೊಟ್ಟೆಯಲ್ಲಿ ದಿನ ತಳ್ಳಿದರು. ಹೋಟೆಲು ಸಿಕ್ಕ ದಿನ ಅವರಿಗಾದ ಸಂತೋಷ ಹಾಸ್ಟೆಲಿನಲ್ಲಿರುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮುಂದೆ 1912ರಲ್ಲಿ, ದಕ್ಷಿಣ ಆಫ್ರಿಕದಲ್ಲಿದ್ದಾಗ, ಹಾಲನ್ನೂ ಬಿಟ್ಟರು. ಭಾರತಕ್ಕೆ ಬಂದ ಮೇಲೆ 1918ರಲ್ಲಿ ಭೇದಿ ಹಿಡಿದು ತೀರಾ ಬಳಲಿದರು. ಹಾಲಿಗೆ ಬದಲಾಗಿ ಗಿಡಮೂಲದ ಆಹಾರ ಯಾವುದಿದೆ ಅಂತ ತಿಳಿದವರನ್ನೆಲ್ಲ ಕೇಳಿದರು, ಸಮಾಧಾನವಾಗುವ ಉತ್ತರ ಸಿಗಲಿಲ್ಲ. ನಿಮ್ಮ ವ್ರತ ಹಸು-ಎಮ್ಮೆಯ ಹಾಲಿಗೆ ತಾನೆ ಅಂತ ಕಸ್ತೂರಬಾ ಹೇಳಿದ ಮೇಲೆ ಆಡಿನ ಹಾಲು ಕುಡಿದರು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರ ಕಾಯಿಲೆ ಬಿ12 ಕೊರತೆಯಿಂದ ಬಂದದ್ದಲ್ಲ. ಆದರೆ ಹಾಲಿನಲ್ಲಿದ್ದು ಗಿಡಮೂಲದ ಊಟದಲ್ಲಿ ಇಲ್ಲದ ಒಂದು ಜೀವಸತ್ವ ಇದೆ ಅನ್ನುವುದೇ ಆಗ ಯಾರಿಗೂ ತಿಳಿದಿರಲಿಲ್ಲ. ವಿಜ್ಞಾನಿಗಳು ಬಿ12 ಅನ್ನು ಬೇರ್ಪಡಿಸಿದ್ದು 1948ರಲ್ಲಿ, ಗಾಂಧೀಜಿ ತೀರಿಕೊಂಡ ವರ್ಷ. ಇವತ್ತು ಅದು ಮಾತ್ರೆಯಾಗಿ ಯಾವ ಔಷಧ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಆ ಮಾತ್ರೆಯಲ್ಲಿರುವ ಬಿ12 ಬ್ಯಾಕ್ಟೀರಿಯಾಗಳಿಂದ ತಯಾರಾಗುತ್ತದೆ, ಪ್ರಾಣಿಯಿಂದಲ್ಲ.

ಬಿ12 ಕಡಿಮೆಯಾದರೆ ಕೂಡಲೇ ಗೊತ್ತಾಗುವುದಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸುತ್ತದೆ. ಆಮೇಲೆ ಸುಸ್ತು, ಕೈಕಾಲು ಜೋಮು ಹಿಡಿಯುವುದು, ಮರೆವು, ಬೇಸರ. ಪರೀಕ್ಷೆಯ ಒತ್ತಡ ಅಂದುಕೊಂಡು ಸುಮ್ಮನಿರುತ್ತೀರಿ. ನರಗಳಿಗೆ ಆದ ಹಾನಿ ತಡವಾದರೆ ಪೂರ್ತಿ ವಾಸಿಯಾಗದೇ ಇರಬಹುದು. ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಬರೀ 2.2 ಮೈಕ್ರೋಗ್ರಾಂ. ಮಾತ್ರೆಯಲ್ಲಿ ಇರುವುದೆಲ್ಲ ಮೈಗೆ ಹತ್ತದ ಕಾರಣ, ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ತೆಗೆದುಕೊಳ್ಳಿ ಅಂತ ವಾಟ್ಸನ್ ಮತ್ತು ಗೆಳೆಯರು ಕಟ್ಟಿದ ಆ ವೀಗನ್ ಸೊಸೈಟಿಯೇ ಹೇಳುತ್ತದೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ ಹತ್ತಿರ ಮಾತಾಡಿ, ಆಮೇಲೆ ಶುರು ಮಾಡಿ. ಯಾಕೆಂದರೆ ನಮ್ಮಲ್ಲಿ ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೇ ಬಿ12 ಕಡಿಮೆ ಇರುವವರು ಬಹಳ. ಮಾತ್ರೆ ತೆಗೆದುಕೊಳ್ಳಲು ಮನಸ್ಸಿಲ್ಲದವರು ದಯವಿಟ್ಟು ಹಾಲು ಬಿಡಬೇಡಿ. ಇದನ್ನು ಕಟುವಾಗಿ ಹೇಳಿದೆ ಅನ್ನಿಸಿದರೂ ಪರವಾಗಿಲ್ಲ.

ಇನ್ನೆರಡು ಮಾತು, ಊಟದ್ದಲ್ಲ, ಜೊತೆಗಿರುವವರದ್ದು.

ನಿಮ್ಮಲ್ಲಿ ಎಷ್ಟೋ ಜನರ ಫೀಸು ಬಂದಿರುವುದು ಹಾಲಿನ ಬಟವಾಡೆಯಿಂದ. ಅಪ್ಪ ಅವ್ವ ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ನಿಮ್ಮನ್ನು ಓದಿಸುತ್ತಿದ್ದಾರೆ. ಅಂಥ ಗೆಳತಿಯ ಮುಂದೆ ಕೂತು ಹಾಲು ಅಂದರೆ ಹಿಂಸೆ ಅಂತ ಜೋರು ದನಿಯಲ್ಲಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಹೆಚ್ಚು ಹಾಲಿಗಾಗಿ ಹಸುವಿನ ಮೇಲೆ ಬೀಳುವ ಒತ್ತಡ, ಟ್ರ್ಯಾಕ್ಟರ್ ಬಂದ ಮೇಲೆ ಯಾರಿಗೂ ಬೇಡವಾದ ಗಂಡು ಕರುಗಳ ಪಾಡು, ಇವೆಲ್ಲ ನಿಜವಾದ ಪ್ರಶ್ನೆಗಳೇ. ಆದರೆ ಅವುಗಳ ಭಾರ ಎರಡು ಹಸುವಿನ ರೈತನ ಮೇಲೆ ಬೀಳಬಾರದು. ಆ ಗೆಳತಿಗೆ ಹಸುವಿನ ಬಗ್ಗೆ ನಿಮಗಿಂತ ಹೆಚ್ಚು ಗೊತ್ತಿದೆ. ಅವಳನ್ನು ಕೇಳಿ ತಿಳಿದುಕೊಳ್ಳಿ.

ಎರಡನೆಯದು ಮೊಟ್ಟೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಆದರೂ ವಿರೋಧ ಬಂತು. ನಮ್ಮ ನಾಡಿನಲ್ಲಿ ಯಾರು ಏನು ತಿನ್ನುತ್ತಾರೆ ಅನ್ನುವುದರ ಜೊತೆ ಜಾತಿಯ ಮೇಲು-ಕೀಳು ಅಂಟಿಕೊಂಡಿದೆ. ವೀಗನ್ ಆಗುವುದು ಕರುಣೆಯ ದಾರಿ ಅಂತ ನೀವು ನಂಬಿದ್ದರೆ, ಪಕ್ಕದವರ ತಟ್ಟೆಯ ಮೊಟ್ಟೆಯನ್ನೋ ಮೀನನ್ನೋ ನೋಡಿ ಮೂಗು ಮುರಿಯಬೇಡಿ. ಮೆಸ್ಸಿನಿಂದ ಮೊಟ್ಟೆ ತೆಗೆಸಿ ಅಂತ ಅರ್ಜಿ ಕೊಡಬೇಡಿ. ನಿಮ್ಮ ತಟ್ಟೆಗೆ ಏನು ಬೇಕೋ ಅದನ್ನು ಕೇಳಿ.

ಪ್ರಶ್ನೆಗಳಿಗೆ ಬರುತ್ತೇನೆ.

ಇಡ್ಲಿ ಹಿಟ್ಟು ಹುಳಿ ಬಂದಾಗ ಅದರಲ್ಲಿ ಬಿ12 ಬರುತ್ತದಂತೆ, ನಿಜವೇ ಅಂತ ಒಬ್ಬರು ಕೇಳಿದರು. ನಂಬಿ ಕೂರುವಷ್ಟು ಬರುವುದಿಲ್ಲ. ಸ್ಪಿರುಲಿನಾ ಅನ್ನುವ ಪಾಚಿಯ ಪುಡಿಯಲ್ಲಿ ಇದೆ ಅಂತ ಮಾರುತ್ತಾರೆ, ಅದರಲ್ಲಿ ಇರುವುದರ ಬಹುಪಾಲು ನಮ್ಮ ಮೈಗೆ ಕೆಲಸಕ್ಕೆ ಬಾರದ ರೂಪ. ಹುದುಗಿಸುವುದರಿಂದ ಬೇರೆ ಲಾಭಗಳಿವೆ, ಇಡ್ಲಿ ಧಾರಾಳವಾಗಿ ತಿನ್ನಿ. ಬಿ12 ಮಾತ್ರೆಯಿಂದಲೇ ಬರಲಿ.

ರೂಮಿನಲ್ಲಿ ಸ್ಟೌ ಇಟ್ಟುಕೊಳ್ಳಲು ಬಿಡುವುದಿಲ್ಲ, ರಾತ್ರಿ ಓದುವಾಗ ಹಸಿವಾದರೆ ಏನು ಮಾಡಬೇಕು ಅಂತ ಇನ್ನೊಬ್ಬರ ಪ್ರಶ್ನೆ. ಒಲೆ ಬೇಡದ ತಿಂಡಿ ನಮ್ಮಲ್ಲಿ ಬೇಕಾದಷ್ಟಿದೆ. ಪುಟಾಣಿ (ಹುರಿಗಡಲೆ), ಶೇಂಗಾ, ಬೆಲ್ಲ ಒಂದು ಡಬ್ಬಿಯಲ್ಲಿರಲಿ. ತೆಳು ಅವಲಕ್ಕಿಗೆ ಕಾಯಿತುರಿ, ಬೆಲ್ಲ, ಬಾಳೆಹಣ್ಣು ಕಲಸಿದರೆ ಒಂದು ಹೊತ್ತಿನ ಊಟವೇ ಆಯಿತು. ರಾಗಿ ಹುರಿಹಿಟ್ಟು ಸಿಕ್ಕರೆ ಬೆಲ್ಲದ ನೀರಿನಲ್ಲಿ ಕಲಸಿ ಉಂಡೆ ಕಟ್ಟಿ. ಹೆಸರುಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಕಿಟಕಿಯ ಹತ್ತಿರ ಇಟ್ಟರೆ ಮರುದಿನಕ್ಕೆ ಮೊಳಕೆ. ಈರುಳ್ಳಿ, ನಿಂಬೆಹಣ್ಣು, ಉಪ್ಪು ಹಾಕಿ ತಿನ್ನಿ. ಬೇಸಿಗೆಯಲ್ಲಿ ಮಾತ್ರ ಬಟ್ಟೆಯನ್ನು ದಿನಕ್ಕೆರಡು ಸಲ ತೊಳೆಯಿರಿ, ಇಲ್ಲದಿದ್ದರೆ ವಾಸನೆ ಬಂದು ಹೊಟ್ಟೆ ಕೆಡುತ್ತದೆ.

ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದ್ದು: "ಮೇಡಂ, ಮೆಸ್ಸಿನ್ಯಾಗ ಹೆಂಗೋ ನಡಿತೈತ್ರಿ. ಊರಿಗೆ ಹೋದ್ರ ಅವ್ವ ಅಳ್ತಾಳ. ಹಾಲು ಹಿಂಡೂದ ಬಿಡ್ಲೇನು ಅಂತಾಳ."

ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ನಾನು ಅವಳಿಗೆ ಹೇಳಿದ್ದನ್ನೇ ಬರೆಯುತ್ತೇನೆ. ಅವ್ವನ ಹತ್ತಿರ ಬೇಡ ಅನ್ನುವುದಕ್ಕಿಂತ ಮೊದಲು, ಬೇಕು ಅನ್ನಬೇಕಾದ್ದನ್ನು ಕೇಳು. ಊರಿಗೆ ಹೊರಡುವ ಮುಂಚೆಯೇ ಫೋನ್ ಮಾಡಿ, "ಅವ್ವಾ, ಶೇಂಗಾ ಹೋಳಿಗಿ ಮಾಡು, ಪುಂಡಿ ಪಲ್ಯ ಮಾಡು, ಮಡಕಿಕಾಳು ಮಾಡು" ಅಂತ ಹೇಳು. ಹೋಳಿಗೆಯ ಮೇಲೆ ತುಪ್ಪ ಬೇಡ, ಕಾಯಿಹಾಲು ಹಿಂಡಿಕೊಡು ಅಂತ ಕೇಳು, ಹಳೇ ಮೈಸೂರಿನ ಕಡೆ ಹಾಗೇ ಉಣ್ಣುತ್ತಾರೆ ಅಂತ ಹೇಳು. ಅವ್ವ ಬಡಿಸಿದ್ದನ್ನು ಹೊಟ್ಟೆ ತುಂಬ ಉಣ್ಣು. ನಿನ್ನ ರಕ್ತ ಪರೀಕ್ಷೆಯ ಚೀಟಿ ಸರಿ ಇದ್ದರೆ ಅದನ್ನೂ ತೋರಿಸು. ಅವ್ವನ ಹೆದರಿಕೆ ಮಗಳು ಸೊರಗಿದ್ದಾಳೆ ಅಂತ, ಹಾಲಿನ ಮೇಲಿನ ಮೋಹ ಅಲ್ಲ. ಎರಡು ಮೂರು ರಜೆ ಹೀಗೆ ನಡೆಯಲಿ. ಹಸುವಿನ ಸಗಣಿ ಬಾಚುವುದು, ಮೇವು ಹಾಕುವುದು ಮಾತ್ರ ಬಿಡಬೇಡ, ಆ ಕೆಲಸದಲ್ಲಿ ಅವ್ವನಿಗೆ ನಿನ್ನ ಕೈ ಬೇಕು.